ಕಾರು ಮಾರಿದ್ದು, ಆರ್‌ಸಿಯಲ್ಲಿ ಹೆಸರು ಬದಲಾಯಿಸಿದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನಾವು ತುಂಬಾ ವರ್ಷ ಓಡಿಸಿದ ವ್ಯಾಗನ್ಆರ್ ಕಾರನ್ನು ಮದ್ದೂರು ಕಡೆಯ ಒಬ್ಬರಿಗೆ ಮಾರಿದೆ. ನಡುವೆ ಡೀಲರ್ ಇಲ್ಲ, ನೇರ ವ್ಯವಹಾರ. ಕೊಂಡವರು ಕಬ್ಬು ಬೆಳೆಯುವ ರೈತರು, ಮಾತು ನೇರ. ಗಾಡಿ ನೋಡಿ, ಒಂದು ರೌಂಡ್ ಓಡಿಸಿ, ರೇಟು ಕುದುರಿದ ಮೇಲೆ ಅವರು ಕೇಳಿದ್ದು ಇಷ್ಟೇ: "ಫಾರಂಗೆ ಸೈನ್ ಹಾಕ್ಕೊಡಿ ಸಾ, ಹೆಸ್ರು ನಾನು ನಿಧಾನಕ್ಕೆ ಮಾಡುಸ್ಕತೀನಿ."

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ಕಡೆ ಎಷ್ಟೋ ಗಾಡಿಗಳು ಹೀಗೇ ಕೈ ಬದಲಾಗುತ್ತವೆ. ಆದರೂ ನಾನು ಒಪ್ಪಲಿಲ್ಲ. "ಅರ್ಜಿ ಹಾಕಿದ ಮೇಲೇ ಕೀ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದೆ.

ಹೆಸರು ಬದಲಾಯಿಸುವುದು ಕೊಂಡವರ ಕೆಲಸ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದು ಆಗದಿದ್ದರೆ ಜಾಸ್ತಿ ಕಷ್ಟ ಮಾರಿದವರಿಗೇ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಕೇಸಿನ ತೀರ್ಪು ಕೊಟ್ಟಿತು. ಕಾರನ್ನು 2007ರಲ್ಲೇ ಮಾರಿದ್ದರು. ಅಲ್ಲಿಂದ ಅದು ಇನ್ನೂ ಕೆಲವರ ಕೈಗೆ ಹೋಯಿತು. 2009ರಲ್ಲಿ ಅಪಘಾತವಾಯಿತು. ಅಷ್ಟಾದರೂ ದಾಖಲೆಯಲ್ಲಿ ಹೆಸರು ಮೊದಲನೆಯವರದ್ದೇ. ಪರಿಹಾರದ ಹೊಣೆ ಆ ಹೆಸರಿನ ಮೇಲೇ ಬಂತು. ಆರ್‌ಸಿಯಲ್ಲಿ ಯಾರಿದ್ದಾರೋ ಅವರೇ ಮಾಲೀಕರು, ಕೋರ್ಟಿಗೆ ಅಷ್ಟೇ ಲೆಕ್ಕ. ಸಹಿ ಹಾಕಿದ ಖಾಲಿ ಫಾರಂ ಯಾರದೋ ಬೀರುವಿನಲ್ಲಿ ಕೂತಿದ್ದರೆ ನಮಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಗಡುವನ್ನೂ ಹೇಳುತ್ತದೆ. ಒಂದೇ ರಾಜ್ಯದ ಒಳಗಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮಾರುವವರ ಕಡೆಯಿಂದ ಫಾರಂ 29. ಇಬ್ಬರೂ ಸಹಿ ಹಾಕುವುದು ಫಾರಂ 30.

ಗಿರಾಕಿ ಸಿಗುವ ಮೊದಲೇ ಕೆಲವು ಕೆಲಸ ಮುಗಿಸಿಟ್ಟಿದ್ದೆ. ಕಾರಿನ ಸಾಲ ಯಾವತ್ತೋ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಇದನ್ನು ಎಚ್‌ಪಿ (ಹೈಪಾಥಿಕೇಶನ್, ಅಂದರೆ ಗಾಡಿಯ ಮೇಲಿನ ಸಾಲದ ನಮೂದು) ಅನ್ನುತ್ತಾರೆ. ಕೊನೆಯ ಕಂತು ಕಟ್ಟಿದ ಕೂಡಲೇ ಅದು ತಾನಾಗಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ, ಸೀಲು ಇರುವ ಫಾರಂ 35 ತಂದು ಆರ್‌ಟಿಒದಲ್ಲಿ ಎಚ್‌ಪಿ ತೆಗೆಸಬೇಕು. ನಮ್ಮ ಸಾಲ ಇದ್ದ ಶಾಖೆ ಇನ್ನೊಂದರ ಜೊತೆ ಸೇರಿಹೋಗಿತ್ತು. ಹಳೆಯ ಫೈಲು ಹುಡುಕಿಸಿ ಆ ಕಾಗದ ಪಡೆಯುವಷ್ಟರಲ್ಲಿ ಸಾಕುಸಾಕಾಯಿತು. ಮಾರುವ ಯೋಚನೆ ಇದ್ದರೆ ಇದನ್ನೇ ಮೊದಲು ಮಾಡಿ.

ಆಮೇಲೆ ಮೊಬೈಲ್ ನಂಬರು. ಈಗ ಅರ್ಜಿ ಹಾಕುವುದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ, ಒಟಿಪಿ ಬರುವುದು ದಾಖಲೆಯಲ್ಲಿರುವ ನಂಬರಿಗೆ. ಅಲ್ಲಿ ಹಳೆಯ ಸಿಮ್ಮಿನ ನಂಬರಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ. ಬಾಕಿ ಟ್ರಾಫಿಕ್ ದಂಡ ಕಟ್ಟಿದೆ, ಎಮಿಷನ್ ಮಾಡಿಸಿದೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಹಾಕಿಸಬೇಕು ಅಂತ ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶ ಬಂತಲ್ವಾ, ಅದೂ ಆಗಿತ್ತು.

ಇನ್ನು ಫಾರಂ ಜೊತೆ ಕೊಡಬೇಕಾದ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಏಜೆಂಟರು ಇದಕ್ಕೂ ದುಡ್ಡು ತಗೊಳ್ಳುತ್ತಾರೆ, ಆದರೆ ಮನೆ ಮುಂದೆಯೇ ಮಾಡಬಹುದು. ಬಾನೆಟ್ ಎತ್ತಿದರೆ ಇಂಜಿನ್ನಿನ ಹಿಂದಿನ ತಗಡಿನ ಮೇಲೆ ನಂಬರು ಕೊರೆದಿರುತ್ತದೆ. ಅದರ ಮೇಲೆ ವರ್ಷಗಳ ಜಿಡ್ಡು ಕೂತಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ತೆಳು ಕಾಗದ ಇಟ್ಟು ಎರಡೂ ತುದಿಗೆ ಟೇಪ್ ಅಂಟಿಸಿದೆ. ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆತ್ತಗೆ ಉಜ್ಜಿದರೆ ಒಂದೊಂದೇ ಅಕ್ಷರ ಏಳುತ್ತದೆ. ಒಟ್ಟು 17 ಅಕ್ಷರ, ಅಂಕಿ. ಕೊಳ್ಳುವವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನು ಓದುತ್ತಾ ಹೋದೆ, ಅವರು ಆರ್‌ಸಿ ಹಿಡಿದು ತಾಳೆ ನೋಡಿದರು. ಗಾಡಿ ಅಸಲಿ ಅನ್ನುವ ನಂಬಿಕೆ ಅವರಿಗೆ ಅಲ್ಲೇ ಬಂತು.

ತೆರಿಗೆ ವಿಷಯದಲ್ಲಿ ಅವರಿಗೆ ಯಾರೋ ಏಜೆಂಟ್ ಹೆದರಿಸಿದ್ದ. ಜಿಲ್ಲೆ ಬದಲಾದರೆ ಟ್ಯಾಕ್ಸ್ ವ್ಯತ್ಯಾಸ ಕಟ್ಟಬೇಕು ಅಂತ ಹೇಳಿ ದೊಡ್ಡ ಮೊತ್ತವೇ ಕೇಳಿದ್ದನಂತೆ. ಇದು ಶುದ್ಧ ಸುಳ್ಳು, ಕೇಳಿ ನನಗೆ ಸಿಟ್ಟೇ ಬಂತು. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರು, ಬೈಕಿಗೆ ಹೊಸದರಲ್ಲೇ ಲೈಫ್ ಟ್ಯಾಕ್ಸ್ ಕಟ್ಟಿರುತ್ತೇವೆ. ಅದು ಗಾಡಿಯ ಜೊತೆಯೇ ಹೋಗುತ್ತದೆ. ಮೈಸೂರಿನ ಕೆಎ 09 ಗಾಡಿ ಮಂಡ್ಯದ ಕೆಎ 11 ವ್ಯಾಪ್ತಿಗೆ ಹೋದರೆ ನಂಬರೂ ಬದಲಾಗುವುದಿಲ್ಲ, ಮತ್ತೆ ತೆರಿಗೆಯೂ ಇಲ್ಲ. ಕಟ್ಟಬೇಕಾದ್ದು ವರ್ಗಾವಣೆ ಶುಲ್ಕ: ಕಾರಿಗೆ 300 ರೂಪಾಯಿ, ಬೈಕಿಗೆ 150. ಸ್ಮಾರ್ಟ್ ಕಾರ್ಡಿಗೆ ಬೇರೆ. ಡೀಲರ್ ಅಲ್ಲದ ಮಾಮೂಲಿ ಜನ ತಮ್ಮತಮ್ಮಲ್ಲೇ ಮಾರಿದರೆ ಜಿಎಸ್‌ಟಿ ಇಲ್ಲ. ಮನೆಬಳಕೆಯ ಕಾರು ಮಾರಿದ ದುಡ್ಡಿಗೆ ಕ್ಯಾಪಿಟಲ್ ಗೇನ್ಸ್ ತೆರಿಗೆಯೂ ಇಲ್ಲ. ವ್ಯಾಪಾರದ ಲೆಕ್ಕದಲ್ಲಿ ಸವಕಳಿ ತೋರಿಸಿದ ಗಾಡಿಯಾದರೆ ಮಾತ್ರ ನಿಮ್ಮ ಆಡಿಟರನ್ನು ಕೇಳಿ.

ಬೇರೆ ರಾಜ್ಯದ ಗಾಡಿಯ ಕಥೆಯೇ ಬೇರೆ. ನನ್ನ ಭಾವಮೈದ ಕೊಯಮತ್ತೂರಿನಿಂದ ಕಮ್ಮಿ ರೇಟಿಗೆ ಸಿಕ್ಕಿತು ಅಂತ ಕಾರು ತಂದ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಕಳವಿನ ಗಾಡಿ ಅಲ್ಲ ಅನ್ನುವ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವರದಿ, ಮೂಲ ಇನ್‌ವಾಯ್ಸ್ ಎಲ್ಲ ಬೇಕಾಯಿತು. ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೆ ಕೆಎ ನಂಬರು ಕೊಟ್ಟರು. ಅಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆಗೆ ಹಳೆಯ ಮಾಲೀಕರ ಜೊತೆ ಸೇರಿ ಅಲ್ಲೇ ಅರ್ಜಿ ಹಾಕಬೇಕಾಯಿತು. ಕಮ್ಮಿ ರೇಟು ಅಂದಿದ್ದು ಕೊನೆಗೆ ಸರಿಗೆ ಸರಿ ಆಯಿತು.

ದುಡ್ಡನ್ನು ಅವರು ನಗದಾಗಿಯೇ ತರುತ್ತೇನೆ ಎಂದರು. ನಾನು ಬ್ಯಾಂಕಿಗೆ ಹಾಕಿ ಎಂದೆ. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಅರ್ಜಿ ನಂಬರು ಕೈಗೆ ಬಂದ ಮೇಲೆ ಅವರು ಬಾಕಿ ಹಣ ಕಳಿಸಿದರು. ಆಗ ಡೆಲಿವರಿ ನೋಟ್, ಅಂದರೆ ಗಾಡಿ ಒಪ್ಪಿಸಿದ್ದಕ್ಕೆ ಕಾಗದ, ಬರೆದೆವು. ಅದರಲ್ಲಿ ತಾರೀಕು ಮಾತ್ರ ಸಾಲದು, ಗಂಟೆ ನಿಮಿಷವೂ ಇರಬೇಕು. ಗಾಡಿ ಅವರ ಕೈಗೆ ಹೋದ ಒಂದು ಗಂಟೆಯಲ್ಲೇ ಏನಾದರೂ ಆದರೆ? ಜೊತೆಗೆ ಅವರ ಆಧಾರ್ ಪ್ರತಿ, ಮೀಟರ್ ರೀಡಿಂಗಿನ ಫೋಟೋ, ಇಬ್ಬರೂ ಕಾರಿನ ಪಕ್ಕ ನಿಂತ ಫೋಟೋ. ಅವರ ಮಗನೇ ತೆಗೆದುಕೊಟ್ಟ.

ಕೀ ಕೊಡುವ ಮೊದಲು ಫಾಸ್ಟ್ಯಾಗ್ ಮುಚ್ಚಿಸಿದೆ. ಇಲ್ಲದಿದ್ದರೆ ಅವರು ಹೈವೇ ಹಿಡಿದು ಊರಿಗೆ ಹೋಗುವಾಗ ಗಣಂಗೂರು ಟೋಲಿನಲ್ಲಿ ದುಡ್ಡು ಹೋಗುವುದು ನನ್ನ ಖಾತೆಯಿಂದ. ಸ್ಟಿಕ್ಕರ್ ಕಿತ್ತರೆ ಸಾಲದು, ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಖಾತೆಯನ್ನೇ ಮುಚ್ಚಬೇಕು.

ಅರ್ಜಿ ಹೋಗಿದ್ದು ಮಂಡ್ಯಕ್ಕೆ, ಕೊಳ್ಳುವವರ ವಿಳಾಸ ಇರುವ ಕಡೆ. ಮೂಲ ಆರ್‌ಸಿ, ಫಾರಂಗಳು ಎಲ್ಲ ಅಲ್ಲಿಗೇ. ನಾನು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರು ಹಾಕಿ ಆಗಾಗ ನೋಡುತ್ತಿದ್ದೆ. ಮಾಲೀಕರ ಹೆಸರಿನ ಮೊದಲ ಅಕ್ಷರ ಬದಲಾಗಿದ್ದು ಕಂಡ ದಿನ ಅವರಿಗೆ ಫೋನ್ ಮಾಡಿದೆ. "ಕಾರ್ಡು ಇನ್ನೂ ಬಂದಿಲ್ಲ ಸಾ, ನಿಮಗೆಂಗೆ ಗೊತ್ತಾಯ್ತು?" ಎಂದರು.

ಇನ್ಶೂರೆನ್ಸ್ ಅವರ ಹೆಸರಿಗೆ ಮಾಡಿಸಿಕೊಳ್ಳಲು ಮೊದಲೇ ಹೇಳಿದ್ದೆ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆ ಹೋಗುತ್ತದೆ, ಆದರೂ ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮಾತ್ರ ಗಾಡಿಯದ್ದಲ್ಲ, ನಮ್ಮದು. ನಾನು ಫಾರಂ 29ರ ಪ್ರತಿ, ಡೆಲಿವರಿ ನೋಟ್ ತೋರಿಸಿ ಅದರ ಪತ್ರ ತೆಗೆದುಕೊಂಡೆ. ಅದು 3 ವರ್ಷ ನಡೆಯುತ್ತದೆ. ಮುಂದಿನ ಕಾರು ತೆಗೆದುಕೊಂಡಾಗ ಅದೇ ಪತ್ರ ಕೊಟ್ಟೆ, ಪ್ರೀಮಿಯಂ ಚೆನ್ನಾಗಿಯೇ ಇಳಿಯಿತು.