ಡಿವೋರ್ಸ್‌ಗೆ ವಕೀಲರನ್ನು ಹಿಡಿಯುವ ಮುಂಚೆ

ಡಿವೋರ್ಸ್‌ಗೆ ವಕೀಲರನ್ನು ಹಿಡಿಯುವಾಗ ಏನೇನು ನೋಡಿಕೊಳ್ಳಬೇಕು ಅಂತ ಗುಂಪಿನಲ್ಲಿ ಇಬ್ಬರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಭೇಟಿಯಲ್ಲೇ ಫೀಸ್ ಮಾತಾಡಿಕೊಳ್ಳಿ. ಪೂರ್ತಿ ಕೇಸಿಗೆ ಇಷ್ಟು ಅಂತಲೋ, ಒಂದೊಂದು ಹಿಯರಿಂಗ್‌ಗೆ ಇಷ್ಟು ಅಂತಲೋ? ನನ್ನ ತಂಗಿ ಸಂಕೋಚಕ್ಕೆ ಕೇಳಲಿಲ್ಲ. ಆಮೇಲೆ ವಾಯಿದೆ ಬಿದ್ದಾಗಲೆಲ್ಲ ದುಡ್ಡು ಎಣಿಸಿದಳು. ವಕಾಲತ್ತಿಗೆ (ನಿಮ್ಮ ಪರವಾಗಿ ಕೇಸ್ ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಸಹಿ ಹಾಕಿ, ಆದರೆ ಖಾಲಿ ಹಾಳೆಗೆ ಮಾತ್ರ ಬೇಡವೇ ಬೇಡ. ಕೊಟ್ಟ ಪ್ರತಿ ಕಾಗದದ ಜೆರಾಕ್ಸ್ ನಿಮ್ಮ ಹತ್ತಿರವೂ ಇರಲಿ.

ಇಬ್ಬರಿಗೂ ಒಪ್ಪಿಗೆ ಇದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಕೆಳಗೆ ಅರ್ಜಿ ಹಾಕಬಹುದು. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯುವುದೂ ಇದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಸರಿಯಾದ ಕಾರಣ ಇದ್ದರೆ ಕೋರ್ಟ್ ಈ ಕಾಯುವಿಕೆಯನ್ನು ಮನ್ನಾ ಮಾಡಬಹುದು. ಮಾಡಲೇಬೇಕು ಅಂತೇನಿಲ್ಲ. ಹಾಗಾಗಿ "ಎರಡೇ ತಿಂಗಳು, ಗ್ಯಾರಂಟಿ" ಎನ್ನುವ ವಕೀಲರ ಹತ್ತಿರ ಸ್ವಲ್ಪ ಹುಷಾರು.

ಕೇಸ್ ದಾಖಲಾದ ಮೇಲೆ 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಕೇಳಿ ಇಟ್ಟುಕೊಳ್ಳಿ. ಕೋರ್ಟ್‌ಗಳ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿ ಮುಂದಿನ ತಾರೀಕು ನೀವೇ ನೋಡಬಹುದು. ಸುಮ್ನೆ ಗುಮಾಸ್ತರಿಗೆ ಫೋನ್ ಮಾಡುತ್ತಾ ಕೂರುವುದು ತಪ್ಪುತ್ತದೆ, ಅಲ್ವಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೇಳುವ ಹಕ್ಕಿದೆ. ಸಹಾಯವಾಣಿ 15100.