ಮಧ್ಯಾಹ್ನ ಖಾಲಿ ಬಿಡೋದು: ಕೋಲಾರ ಕಡೆ ನೆಂಟರನ್ನ ಸುತ್ತಿಸೋ ನನ್ನ ರೀತಿ

ಕೋಲಾರದಲ್ಲಿ ಮನೆ ಮಾಡ್ಕೊಂಡಿರೋರಿಗೆ ನೆಂಟರನ್ನ ಊರು ಸುತ್ತಿಸೋ ಡ್ಯೂಟಿ ತಪ್ಪಿದ್ದಲ್ಲ. ಬೇಸಿಗೆ ರಜೆ ಬಂತು ಅಂದ್ರೆ ನಮ್ಮನೇಲಿ ಅದು ನನ್ನ ತಲೆಗೇ. ನಮ್ಮ ಯಜಮಾನ್ರು "ಹೊರಟ್ರೆ ಆಯ್ತು, ದಾರೀಲಿ ನೋಡ್ಕೊಳ್ಳೋಣ" ಅನ್ನೋ ಪೈಕಿ, ಹುಬ್ಬಳ್ಳಿ ಭಾವ ಇದ್ದಾರಲ್ಲ, ಅವರಿಗೆ ಎಷ್ಟು ಗಂಟೆಗೆ ಎಲ್ಲಿ ಅಂತ ಮೊದಲೇ ಗೊತ್ತಿರಬೇಕು, ಇಲ್ಲಾಂದ್ರೆ ಹಿಂದಿನ ರಾತ್ರಿ ನಿದ್ದೆ ಬರಲ್ಲ. ಇಬ್ಬರನ್ನೂ ಒಂದೇ ಕಾರಲ್ಲಿ ಕೂರಿಸ್ಕೊಂಡು ಜಗಳ ಇಲ್ದೆ ಮನೆಗೆ ವಾಪಸ್ ಬರೋಕೆ ಮಾಡಿ ಮಾಡಿ ನಂದೇ ಒಂದು ಪದ್ಧತಿ ಆಗಿದೆ, ಅದನ್ನ ಬರೀತಿದೀನಿ.

ನಮಗೋಸ್ಕರ ಯಾವುದು ಕಾಯಲ್ವೋ ಅದನ್ನ ಮಾತ್ರ ಗಟ್ಟಿಯಾಗಿ ಪ್ಲಾನ್ ಮಾಡ್ತೀನಿ. ಗುಡಿ ಬಾಗಿಲು, ಬಿಸಿಲು, ಆನ್‌ಲೈನ್ ಟಿಕೆಟ್, ನಮ್ಮತ್ತೆಯ ಶುಗರ್ ಮಾತ್ರೆ. ಮಿಕ್ಕಿದ್ದನ್ನ ಬರೆಯೋದೇ ಇಲ್ಲ. ಅಕ್ಕನ ಮನೆಯವರು ಬಂದಿದ್ದಾಗ ಆವನಿ, ಮುಳಬಾಗಿಲು, ಕುರುಡುಮಲೆ ಕಡೆ ಹೋಗೋದು ಅಂತ ಆಯ್ತು, ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೆ. ಭಾವ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಅದನ್ನ ಓದಿದವರೇ, "ಇದೇನ್ ತಂಗಿ, ಮಧ್ಯಾಹ್ನದ್ದು ಬರದೇ ಇಲ್ಲಲ್ಲ?" ಅಂದ್ರು. "ಅದು ಖಾಲಿ ಭಾವ, ಬೇಕಂತಲೇ ಬಿಟ್ಟಿರೋದು" ಅಂದೆ. ಅವರಿಗೆ ಅದು ಸರಿ ಹೋಗ್ಲಿಲ್ಲ, ಮುಖದಲ್ಲೇ ಕಾಣ್ತಿತ್ತು.

ಆವನಿ ಮೊದಲು ಯಾಕಂದ್ರೆ ಅಲ್ಲಿ ಬೆಟ್ಟ ಹತ್ತೋದಿದೆ, ಮೇಲೆ ಸೀತಮ್ಮನ ಗುಡಿ. ಮೇ ತಿಂಗಳಲ್ಲಿ ಬಿಸಿಲು ಏರಿದ ಮೇಲೆ ಆ ಬಂಡೆ ಮೇಲೆ ಚಪ್ಪಲಿ ಬಿಟ್ಟು ಕಾಲಿಡೋಕೆ ಆಗಲ್ಲ. ಅದಕ್ಕೇ ಕತ್ತಲಿರೋವಾಗಲೇ ಮನೆ ಬಿಟ್ವಿ. ಹತ್ತೋರು ಹತ್ತಿದ್ರು, ಅಕ್ಕ ಮತ್ತೆ ಅತ್ತೆ ಕೆಳಗೆ ರಾಮಲಿಂಗೇಶ್ವರ ಗುಡಿ ಆವರಣದಲ್ಲಿ ಕೂತ್ರು, ನೊಳಂಬರ ಕಾಲದ ಗುಡಿಗಳು, ರಾಮ ಲಕ್ಷ್ಮಣ ಭರತ ಶತ್ರುಘ್ನ ಅಂತ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಲಿಂಗ, ಅಲ್ಲಿ ನೆರಳಲ್ಲಿ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಆಮೇಲೆ ಮುಳಬಾಗಿಲು ದೋಸೆ, ಅದನ್ನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ಕುರುಡುಮಲೆ. ಗಣೇಶನ ಗುಡಿ ಮಧ್ಯಾಹ್ನ ಬಾಗಿಲು ಹಾಕೋಕೆ ಮುಂಚೆ ಮುಟ್ಟಬೇಕು, ಹಿಂದಿನ ದಿನ ಸಂಜೆ ಫೋನ್ ಮಾಡಿ ಕೇಳ್ಕೊಂಡಿರ್ತೀನಿ, ಸಂಕಷ್ಟಿ ದಿನ ಆದ್ರೆ ಆ ಕಡೆ ತಲೆ ಹಾಕಲ್ಲ. ಹದಿಮೂರು ಅಡಿಗಿಂತ ಎತ್ತರ ಇರೋ ಆ ಗಣೇಶನ್ನ ಎಲ್ಲರೂ ನೋಡ್ತಾರೆ, ಹತ್ತಿರದಲ್ಲೇ ಇರೋ ಸೋಮೇಶ್ವರನ ಗುಡಿಗೆ ಮಾತ್ರ ಹೋಗೋರು ಕಮ್ಮಿ. ಅರ್ಧ ಜಕಣಾಚಾರಿ, ಇನ್ನರ್ಧ ಮಗ ಡಂಕಣಾಚಾರಿ ಕೆತ್ತಿದ್ದು ಅಂತ ಹೇಳ್ತಾರೆ, ಕಥೆ ನಂಬ್ತೀರೋ ಬಿಡ್ತೀರೋ, ಕೆತ್ತನೆ ನೋಡಿದ್ರೆ ನಮ್ಮ ಭಾವನೂ ಬಾಯಿ ಮುಚ್ಕೊಂಡು ನಿಂತ್ರು.

ಊಟಕ್ಕೆ ಹೋಟೆಲ್ ಹುಡುಕಲ್ಲ, ಬುತ್ತಿ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಬುತ್ತಿ ಅಂದ್ರೆ ಹಳೇ ಕಾಲದ್ದು ಅಂತ ಮಕ್ಕಳು ಮೂಗು ಮುರೀತಾರೆ, ಆದ್ರೆ ನನ್ನ ಲೆಕ್ಕದಲ್ಲಿ ಪೂರ್ತಿ ಸ್ವಾತಂತ್ರ್ಯ ಇರೋದೇ ಅದರಲ್ಲಿ. ಅತ್ತೆಗೆ ಒಂದು ಗಂಟೆಗೆ ಊಟ ಮಾತ್ರೆ ಆಗ್ಲೇಬೇಕು, ಡಬ್ಬಿ ಕಾರಲ್ಲಿದ್ರೆ ಯಾವ ಮರದ ಕೆಳಗೆ ಬೇಕಾದ್ರೂ ಆಗುತ್ತೆ, ಊರ ಕಡೆ ಓಡಬೇಕಿಲ್ಲ. ಹೊಟ್ಟೆ ತುಂಬಿದ ಮೇಲೆ ಯಾರಿಗೂ ಅವಸರ ಇರಲ್ಲ, ಆವಾಗ "ಈಗೆಲ್ಲಿಗೆ" ಅಂತ ಕೇಳಿದ್ರೆ ಒಳ್ಳೊಳ್ಳೆ ಉತ್ತರ ಬರುತ್ತೆ.

ಅವತ್ತು ಬಂದಿದ್ದು ಯಜಮಾನ್ರ ಬಾಯಿಂದ. ಹೈವೇ ಬೇಡ, ಶ್ರೀನಿವಾಸಪುರದ ಮೇಲೆ ಹೋಗೋಣ, ಮಾವಿನ ಸೀಸನ್ ಅಲ್ವಾ ಅಂದ್ರು. ಶ್ರೀನಿವಾಸಪುರದ ಮಂಡಿ ಸೀಸನಲ್ಲಿ ನೋಡದೇ ಇರೋರಿಗೆ ಹೇಗೆ ಹೇಳೋದು, ನೆಲದ ಮೇಲೆ ರಾಶಿ ರಾಶಿ ಕಾಯಿ, ಒಂದು ಕಡೆ ತೋತಾಪುರಿ, ಇನ್ನೊಂದು ಕಡೆ ಬೇನಿಷಾ, ಬಾದಾಮಿ, ಲಾರಿ ಟೆಂಪೋ ಟ್ರ್ಯಾಕ್ಟರ್ ಸಾಲು, ಕುಕ್ಕರಗಾಲಲ್ಲಿ ಕೂತು ಕಾಯಿ ಆರಿಸೋ ಹೆಂಗಸರು, ತೆಲುಗು ಕನ್ನಡ ಎರಡೂ ಒಂದೇ ಉಸಿರಲ್ಲಿ. ಭಾವ ಒಂದು ತೋತಾಪುರಿ ಎತ್ತಿ ತೊಟ್ಟಿನ ಹತ್ರ ಮೂಸಿ ನೋಡೋಕೆ ಹೋದ್ರು, ಮಂಡಿಯವರು "ಸಾರ್ ಸಾರ್, ಸೊನೆ ಸಾರ್, ಮುಖಕ್ಕೆ ಹತ್ತಿದ್ರೆ ಉರಿಯುತ್ತೆ" ಅಂತ ಕಿತ್ಕೊಂಡೇ ಬಿಟ್ರು. ಅಲ್ಲಿಗೆ ಪರಿಚಯ ಆಯ್ತು. ಭಾವ ಬ್ಯಾಂಕಲ್ಲಿ ಇದ್ದವರು, ರೇಟು ಹೇಗೆ, ಕಮಿಷನ್ ಯಾರ್ದು, ತೋತಾಪುರಿ ಎಲ್ಲಿಗೆ ಹೋಗುತ್ತೆ ಅಂತ ಶುರು ಹಚ್ಕೊಂಡ್ರು. ಅದು ಬಹಳಷ್ಟು ಆಂಧ್ರದ ಚಿತ್ತೂರು ಕಡೆ ಜ್ಯೂಸ್ ಫ್ಯಾಕ್ಟರಿಗಳಿಗೆ ಹೋಗುತ್ತೆ, 2025ರ ಜೂನಲ್ಲಿ ಅಲ್ಲಿನ ಜಿಲ್ಲಾಡಳಿತ ನಮ್ಮ ಕಡೆ ಕಾಯಿ ಒಳಗೆ ಬಿಡಬಾರದು ಅಂತ ತಡೆದಿದ್ದಾಗ ಇಲ್ಲಿ ಬೆಳೆಗಾರರ ಪಾಡು ಕೇಳಬೇಡಿ. ಆ ಮಾತೆಲ್ಲ ಅಲ್ಲೇ ಬಂತು. ಯಾವ ಚೀಟಿಯಲ್ಲಿ ಇದನ್ನ "3:00 ಗಂಟೆ, ಮಾವಿನ ವ್ಯಾಪಾರ" ಅಂತ ಬರೆಯೋಕಾಗುತ್ತೆ ಹೇಳಿ.

ಆದ್ರೆ ಖಾಲಿ ಬಿಟ್ಟ ಟೈಮಿಗೂ ಒಂದು ಕೊನೆ ಇರಬೇಕು. ಐದೂವರೆಗೆ ಎಲ್ಲಿದ್ರೂ ಹೊರಡೋದು ಅಂತ ಬೆಳಿಗ್ಗೇನೇ ಹೇಳಿರ್ತೀನಿ, ಅಲಾರಂ ಮಗಳ ಫೋನಲ್ಲಿ, ನನ್ನದರಲ್ಲಿ ಅಲ್ಲ. ನಾನು ಹೇಳಿದ್ರೆ ಕಿರಿಕಿರಿ, ಮಗು ಹೇಳಿದ್ರೆ ನಗ್ತಾ ಎದ್ದು ಬರ್ತಾರೆ.

ಇನ್ನೊಂದು ವಿಷಯ, ನೆಚ್ಚಿಕೊಂಡ ಜಾಗಕ್ಕೆ ಪಕ್ಕದಲ್ಲೇ ಒಂದು ಬದಲಿ ಇಟ್ಕೊಂಡಿರ್ತೀನಿ. ನಂದಿ ಬೆಟ್ಟದ ರಸ್ತೆ 2021ರ ಆಗಸ್ಟಲ್ಲಿ ಮಳೆಗೆ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು, ಡಿಸೆಂಬರಲ್ಲಿ ತೆಗೆದ್ರು. ಈಗಲೂ ವೀಕೆಂಡ್ ಬೆಳಗ್ಗೆ ಗಾಡಿ ಸಾಲು ನೋಡಿದ್ರೆ ಅರ್ಧ ಉತ್ಸಾಹ ಅಲ್ಲೇ ಹೋಗುತ್ತೆ. ಆವಾಗ ಸೀದಾ ತಿರುಗಿಸ್ಕೊಂಡು ಬೆಟ್ಟದ ಕೆಳಗೆ ನಂದಿ ಊರಿನ ಭೋಗನಂದೀಶ್ವರ ಗುಡಿ, ಆ ಕಲ್ಯಾಣಿ ಮೆಟ್ಟಿಲ ಮೇಲೆ ಕೂತ್ರೆ ಬೆಟ್ಟ ತಪ್ಪಿದ್ದು ಯಾರಿಗೂ ನೆನಪಿರಲ್ಲ. ಸ್ಕಂದಗಿರಿಗೆ ಮಾತ್ರ ಆನ್‌ಲೈನಲ್ಲಿ ಬುಕ್ ಮಾಡದೇ ಹೊರಡಬೇಡಿ. ಕೆಜಿಎಫ್ ನೋಡಬೇಕು ಅನ್ನೋ ಮಕ್ಕಳಿಗೂ ಮೊದಲೇ ಹೇಳಿಬಿಡಿ, ಗಣಿ 2001ರಲ್ಲೇ ಮುಚ್ಚಿದೆ, ಸುರಂಗದ ಒಳಗೆ ಇಳಿಯೋದೆಲ್ಲ ಇಲ್ಲ, ಗಣಿ ತ್ಯಾಜ್ಯದ ರಾಶಿ, ಅದೇ ಸೈನೈಡ್ ಗುಡ್ಡನ, ದೂರದಿಂದ ನೋಡಬಹುದು ಅಷ್ಟೇ.

ಮೊನ್ನೆ ಭಾವ ವಾಟ್ಸಾಪಲ್ಲಿ ಅವರೇ ಚೀಟಿ ಮಾಡಿ ಕಳಿಸಿದ್ರು, ದಸರಾ ರಜೆಗೆ ಬರ್ತಾರಂತೆ. ಎಲ್ಲ ಟೈಮ್ ಪ್ರಕಾರ ಇದೆ, ಮಧ್ಯಾಹ್ನ 2:00ರಿಂದ 4:30 ಎದುರಿಗೆ "ಮಾವಿನ ಮಂಡಿ" ಅಂತ ಬೇರೆ ಬರೆದಿದ್ದಾರೆ. "ಭಾವ, ದಸರಾದಲ್ಲಿ ಮಾವು ನಾನೆಲ್ಲಿಂದ ತರ್ಲಿ" ಅಂತ ಕಳಿಸಿದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.