ದುಡ್ಡು ಕೊಡುವವರು ಒಬ್ಬರು, ಡಬ್ಬಿ ತೆಗೆಯುವವರು ಇನ್ನೊಬ್ಬರು

ಕುದುರೆಗೆ ಬೇಕಾದ ಖನಿಜ ಮಿಶ್ರಣ, ಗೊರಸು ಚೆನ್ನಾಗಿ ಬೆಳೆಯಲಿ ಅಂತ ಮೇವಿಗೆ ಬೆರೆಸುವ ಪುಡಿ, ಬ್ರಷ್ಷು, ಹೊದಿಕೆ ಮಾರುವುದು ನನ್ನ ಕೆಲಸ. ಈ ವ್ಯಾಪಾರಕ್ಕೆ ಇಳಿಯಬೇಕು ಅನ್ನುವ ಹೊಸಬರು ಸಾಮಾನ್ಯವಾಗಿ ಕೇಳುವುದು ಇದು: "ಕುದುರೆ ಸಾಕುವವರ ಹತ್ತಿರ ದುಡ್ಡು ಜಾಸ್ತಿ ಇರುತ್ತೆ, ಅಲ್ವಾ?" ಕೆಲವರ ಹತ್ತಿರ ಇರುತ್ತದೆ. ಉಳಿದವರ ದುಡ್ಡನ್ನು ನಾವು ಹೋಗುವ ಮೊದಲೇ ಕುದುರೆ ತಿಂದು ಮುಗಿಸಿರುತ್ತದೆ.

ಲೆಕ್ಕ ಹಾಕಿ ನೋಡಿ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 7.5ರಿಂದ 10 ಕಿಲೋ ಒಣಮೇವು ಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು. ಲಸಿಕೆ, ಜಂತುಹುಳುವಿನ ಔಷಧಿ, ಲಾಯದ ಬಾಡಿಗೆ ಬೇರೆ. ಸವಾರಿ ಮಾಡಿದರೂ ಮಾಡದಿದ್ದರೂ ಮೇವು, ಬಾಡಿಗೆ ನಿಲ್ಲುವುದಿಲ್ಲ, ಕುದುರೆ 25-30 ವರ್ಷ ಬದುಕುವ ಪ್ರಾಣಿ. ಇಷ್ಟೆಲ್ಲ ಕಳೆದು ಮಿಕ್ಕ ದುಡ್ಡಿನಲ್ಲಿ ನನ್ನ ಸಾಮಾನು ಹೋಗಬೇಕು.

ಗಿರಾಕಿಗಳೂ ಒಂದೇ ಥರ ಇರುವುದಿಲ್ಲ. ರೇಸ್ ಕುದುರೆಯ ಮಾಲೀಕರು ಮೇವಿನ ವಿಷಯಕ್ಕೆ ತಲೆ ಹಾಕುವುದು ಕಡಿಮೆ, ಅಲ್ಲಿ ತರಬೇತುದಾರರ ಮಾತೇ ಕೊನೆ. ಸವಾರಿ ಶಾಲೆಯವರಿಗೆ ಬಾಳಿಕೆ ಬೇಕು, ಸಗಟು ದರ ಬೇಕು. ಮರಿ ಹಾಕಿಸುವವರು ಪಶುವೈದ್ಯರು ಹೇಳಿದ್ದನ್ನು ಬಿಟ್ಟು ಬೇರೇನೂ ಕೊಳ್ಳುವುದಿಲ್ಲ. ನನ್ನ ವ್ಯಾಪಾರ ನಡೆಯುತ್ತಿರುವುದು ಒಂದೇ ಒಂದು ಕುದುರೆ ಇಟ್ಟುಕೊಂಡು, ಅದನ್ನು ಇನ್ನೊಬ್ಬರ ಲಾಯದಲ್ಲಿ ಬಿಟ್ಟಿರುವವರಿಂದ. ಇವರು ಲೇಬಲ್ ಪೂರ್ತಿ ಓದುತ್ತಾರೆ, ತುಂಬಾ ಪ್ರಶ್ನೆ ಕೇಳುತ್ತಾರೆ. ತಮಗೆ ಹೊಸ ಬೂಟು ತಗೊಳ್ಳೋಕೆ ಹತ್ತು ಸಲ ಯೋಚಿಸುವವರು ಕುದುರೆಗೆ ಅಂದರೆ ಹಿಂದೆಮುಂದೆ ನೋಡುವುದಿಲ್ಲ.

ಆದರೆ ಬೆಳಗಿನ ಮೇವು ಹಾಕುವುದು ಇವರಲ್ಲ, ಲಾಯದ ಕೆಲಸದವರು. ಈ ಮಾರುಕಟ್ಟೆಯ ಗುಟ್ಟೆಲ್ಲ ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ನಾನು ಲಾಯಗಳಿಗೆ ಮೇವಿನ ಹೊತ್ತಿಗೇ ಹೋಗಿ ನಿಲ್ಲುತ್ತಿದ್ದೆ. ಕಪಾಟಿನ ಉದ್ದಕ್ಕೂ ಡಬ್ಬಿಗಳು, ಮೇಲೆ ಮಾರ್ಕರ್‌ನಲ್ಲಿ ಬರೆದ ಕುದುರೆಗಳ ಹೆಸರು. ಕೆಲವು ಮುಚ್ಚಳದ ಮೇಲೆ ಬೆರಳಚ್ಚು, ಕೆಲವುದರ ಮೇಲೆ ಬರೀ ಧೂಳು. ಯಾರದು ಖರ್ಚಾಗುತ್ತಿದೆ, ಯಾರದು ಇಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಹಸಿದ ಕುದುರೆಗಳು ಬಾಗಿಲು ಒದೆಯುತ್ತಿರುವಾಗ ಒಂದೊಂದಕ್ಕೂ ನಾಲ್ಕು ಡಬ್ಬಿ ತೆಗೆದು ಅಳೆಯಲು ಯಾರಿಗೆ ಪುರುಸೊತ್ತು? ಅಳತೆಗೆ ಇರುವುದೂ ಒಂದೇ ಚಮಚ. ಅದು ಅಳೆಯುವುದು ಗಾತ್ರವನ್ನು. ಅದೇ ಚಮಚದಲ್ಲಿ ಬೂಸಾ ತುಂಬಿದರೆ ಒಂದು ತೂಕ, ಕಾಳು ತುಂಬಿದರೆ ಇನ್ನೊಂದು.

ಹಾಗಾಗಿ ದಿನದ ಪ್ರಮಾಣವನ್ನು ತೂಗಿ, ಕುದುರೆಯ ಹೆಸರು ಬರೆದು, ಸಣ್ಣ ಪೊಟ್ಟಣ ಮಾಡಿ ಕೊಡಲು ಶುರು ಮಾಡಿದೆ. "ಹರಿದು ಸುರಿದರೆ ಆಯ್ತಾ ಮೇಡಂ?" ಅಂದರು ಲಾಯದ ಕೆಲಸದವರೊಬ್ಬರು. ಆಯ್ತು ಅಂದೆ. ಪೊಟ್ಟಣ ಖಾಲಿಯಾದಾಗ ಮಾಲೀಕರಿಗೆ ನೆನಪಿಸುವುದೂ ಈಗ ಅವರೇ. ಜಾಹೀರಾತಿಗೆ ಸುರಿದ ದುಡ್ಡು ಇಷ್ಟು ಕೆಲಸ ಮಾಡಿರಲಿಲ್ಲ.

ಪ್ರಮಾಣ ತೂಗಬೇಕಾದರೆ ಮೊದಲು ಕುದುರೆಯ ತೂಕ ಗೊತ್ತಿರಬೇಕು. ಕಣ್ಣಳತೆಯಲ್ಲಿ ಹೇಳಿದ್ದು ಸುಮಾರಾಗಿ ತಪ್ಪೇ. ಅದಕ್ಕೆ ಮೊದಲ ಆರ್ಡರ್ ಜೊತೆ ಅಳತೆಯ ಟೇಪು ಉಚಿತ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಹೆಗಲಿನ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ. ಪಕ್ಕಾ ತೂಕವಲ್ಲ, ಆದರೆ ಊಹೆಗಿಂತ ಎಷ್ಟೋ ವಾಸಿ. ಜಂತುಹುಳುವಿನ ಔಷಧಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಗೊರಸಿನ ಪುಡಿ ಮಾರುವುದು ಇನ್ನೊಂದು ಕಥೆ. ಅದರಲ್ಲಿರುವ ಮುಖ್ಯ ವಸ್ತು ಬಯೋಟಿನ್ ಅನ್ನುವ ವಿಟಮಿನ್, ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 20 ಮಿಲಿಗ್ರಾಂ. ಗೊರಸು ಬೆಳೆಯುವುದು ತಿಂಗಳಿಗೆ 6ರಿಂದ 10 ಮಿಲಿಮೀಟರ್. ಮುಂಭಾಗದಲ್ಲಿ ಮೇಲಿನಿಂದ ನೆಲದವರೆಗೆ ಹೊಸ ಗೊರಸು ಬರಲು ಸುಮಾರು 9ರಿಂದ 12 ತಿಂಗಳು ಬೇಕು. ಈಗಾಗಲೇ ಬಿರುಕು ಬಿಟ್ಟಿರುವ ಭಾಗ ಯಾವ ಪುಡಿಯಿಂದಲೂ ಕೂಡಿಕೊಳ್ಳುವುದಿಲ್ಲ. ಒಂದು ಡಬ್ಬಿ ಮುಗಿಸಿ "ಏನೂ ಆಗಲಿಲ್ಲ" ಅಂತ ಬಿಡುವವರು ಇದಕ್ಕೇ ಜಾಸ್ತಿ. ನಾನು ಮಾರುವಾಗಲೇ ಹೇಳಿಬಿಡುತ್ತೇನೆ: ಆರು ತಿಂಗಳು ಕಾಯುವ ಹಾಗಿದ್ದರೆ ಮಾತ್ರ ತಗೊಳ್ಳಿ, ಲಾಳ ಹೊಡೆಸಿದಾಗಲೆಲ್ಲ ಒಂದೇ ಕಡೆಯಿಂದ ಫೋಟೋ ತೆಗೆದಿಡಿ. ಕೆಲವರು ಅಲ್ಲೇ ವಾಪಸ್ ಹೋಗುತ್ತಾರೆ. ಕಾದವರು ಬಿಟ್ಟು ಹೋಗಿಲ್ಲ.

ಏನನ್ನಾದರೂ ಕೊಡುವ ಮೊದಲು, ಆಗಲೇ ಹಾಕುತ್ತಿರುವುದರ ಪಟ್ಟಿ ಕೇಳುತ್ತೇನೆ. ಎರಡು ಮೂರು ಮಿಶ್ರಣಗಳಲ್ಲಿ ಸೆಲೆನಿಯಂ ಅನ್ನುವ ಖನಿಜ ಸೇರಿಕೊಂಡಿರುವುದು ಉಂಟು. ಅದು ಸ್ವಲ್ಪ ಬೇಕು, ಜಾಸ್ತಿಯಾದರೆ ವಿಷ. ಅತಿಯಾದರೆ ಕೇಸರ, ಬಾಲದ ಕೂದಲು ಉದುರುತ್ತದೆ, ಗೊರಸು ಬಿರಿಯುತ್ತದೆ. ಗೊರಸು ಬಿರಿಯಿತು ಅಂತ ಇನ್ನೊಂದು ಡಬ್ಬಿ ತಂದರೆ ಕಥೆ ಏನಾಗಬೇಕು? ಒಳ್ಳೆ ಮೇವು, ಉಪ್ಪು, ಒಂದು ಖನಿಜ ಮಿಶ್ರಣ ಸಾಕಾಗಿರುವ ಕುದುರೆಗಳೇ ಬಹಳ. ಅಂಥವರಿಗೆ ಬೇಡ ಅಂತಲೇ ಹೇಳುತ್ತೇನೆ. ಲಾಯದಲ್ಲಿ ಸುದ್ದಿ ಬೇಗ ಹರಡುತ್ತದೆ, ಒಳ್ಳೆಯದೂ ಅಷ್ಟೇ, ಕೆಟ್ಟದ್ದೂ ಅಷ್ಟೇ. ನನ್ನ ಸಾಮಾನು ಕೊಳ್ಳಿ ಅಂತ ಹೇಳಿಸಲು ಲಾಳ ಹೊಡೆಯುವವರಿಗೆ ಕಮಿಷನ್ ಕೊಡದಿರುವುದಕ್ಕೂ ಕಾರಣ ಇದೇ.

ನನ್ನ ಪುಸ್ತಕದಲ್ಲಿ ಖಾತೆ ಇರುವುದು ಕುದುರೆಯ ಹೆಸರಿನಲ್ಲಿ. ಮಾಲೀಕರು ಬದಲಾಗುತ್ತಾರೆ, ಲಾಯವೂ ಬದಲಾಗುತ್ತದೆ. ಕುದುರೆ ಮಾರಾಟವಾದಾಗ ಹಳೆಯ ಮಾಲೀಕರ ಒಪ್ಪಿಗೆ ಕೇಳಿ, ಅದು ಏನು ತಿನ್ನುತ್ತಿತ್ತು, ಎಷ್ಟು ತಿನ್ನುತ್ತಿತ್ತು ಅನ್ನುವ ಹಾಳೆಯನ್ನು ಹೊಸಬರಿಗೆ ಕಳಿಸುತ್ತೇನೆ. ಮೇವನ್ನು ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆನೋವು ಬರುವ ಅಪಾಯವಿದೆ, 7ರಿಂದ 10 ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ ಅಂತ ಅದರ ಕೆಳಗೆ ಬರೆದಿರುತ್ತದೆ. ಹಾಳೆ ಸಿಕ್ಕವರು ಸಾಮಾನ್ಯವಾಗಿ ಅದೇ ವಾರ ಫೋನ್ ಮಾಡುತ್ತಾರೆ.